ನೇರಳೆ ಎಂಬ ಕಳ್ಳಿಯ ಪಂಚನಾಮೆ

ಶಿರಸಿ, ಸಿದ್ದಾಪುರ, ಯಲ್ಲಾಪುರ ಈ ಮೂರು ತಾಲೂಕುಗಳಲ್ಲಿ ಪ್ರಮಾಣಪತ್ರ ಪಡೆದ ಅಧಿಕೃತ ಕಳ್ಳಿ ಒಬ್ಬಳೇ. ಅವಳ ಹೆಸರು ನೇರಳೆ. ಅವಳು ಇಲ್ಲ. ಇಲ್ಲ ಎಂದರೆ ಊರು ಬಿಟ್ಟಳೆಂದಲ್ಲ, ತೀರಿಕೊಂಡಳೆಂದೂ ಅಲ್ಲ; ಮೊದಲಿನಿಂದಲೂ ಇರಲೇ ಇಲ್ಲ ಎಂದು ಅರ್ಥ. ಸಿದ್ದಾಪುರದ ಒಂದು ರಕ್ತಪರೀಕ್ಷೆ ಲ್ಯಾಬಿನಲ್ಲಿ ಕೆಲಸ ಮಾಡುವ ದಿವ್ಯಾ ಅವಳನ್ನು ಒಂದು ಆಟಕ್ಕಾಗಿ ಕಲ್ಪಿಸಿಕೊಂಡಿದ್ದಳು.

ಆಟವನ್ನು ಬಿಡಿಸಿ ಹೇಳುವುದು ಒಳ್ಳೆಯದು. ನಾಲ್ಕೈದು ಜನ ಮೇಜಿನ ಸುತ್ತ ಕೂರುತ್ತಾರೆ. ಒಬ್ಬರು ಕಥೆ ನಡೆಸುತ್ತಾರೆ. ದಿವ್ಯಾಳ ಗುಂಪಿನಲ್ಲಿ ಆ ಒಬ್ಬರು ಯಲ್ಲಾಪುರದ ಹೈಸ್ಕೂಲು ಮಾಸ್ತರ ಮನೋಹರ. ಉಳಿದವರು ಒಂದೊಂದು ಪಾತ್ರವಾಗುತ್ತಾರೆ. ಪಾತ್ರಕ್ಕೆ ಒಂದು ವರ್ಗ ಇರುತ್ತದೆ, ಅಂದರೆ ಕಸುಬು: ಯೋಧ, ಮಾಂತ್ರಿಕ, ವೈದ್ಯ, ಕಳ್ಳ, ಹೀಗೆ. ಒಂದು ಹಿನ್ನೆಲೆಯೂ ಇರುತ್ತದೆ, ಅಂದರೆ ಆ ಕಸುಬಿಗೆ ಬರುವ ಮುಂಚೆ ಅವರು ಏನಾಗಿದ್ದರು ಎಂಬುದು. ಹಂತ ಎಂದೂ ಒಂದಿರುತ್ತದೆ. ಅದು ಅನುಭವದ ಅಳತೆ. ಪಾತ್ರ ಮಾಡಹೊರಟದ್ದು ಕೈಗೂಡಿತೇ ಎಂಬುದನ್ನು ಇಪ್ಪತ್ತು ಮುಖದ ದಾಳ ಉರುಳಿಸಿ ತೀರ್ಮಾನಿಸುತ್ತಾರೆ. ಇಷ್ಟೇ. ಯಾರಿಗೂ ಏಟಾಗುವುದಿಲ್ಲ.

ನೇರಳೆ ವರ್ಗದಿಂದ ಕಳ್ಳಿ, ಹಿನ್ನೆಲೆಯಿಂದ ಕರಿಕೋಟೆಯ ಸಂತೆಯಲ್ಲಿ ಬೆಳೆದ ಅನಾಥೆ, ಹಂತ ಮೂರು. ದಿನವಿಡೀ ಜನರ ಮುಂಗೈ ಹಿಡಿದು "ಸ್ವಲ್ಪ ಚುಚ್ಚಲಾ?" ಎಂದು ಅಪ್ಪಣೆ ಕೇಳುವ ದಿವ್ಯಾಳಿಗೆ, ಭಾನುವಾರ ಮೂರು ತಾಸು ಯಾರನ್ನೂ ಏನನ್ನೂ ಕೇಳದ ನೇರಳೆಯಾಗುವುದು ಬಹಳ ಬೇಕಾಗಿತ್ತು. ಎರಡು ವರ್ಷದಲ್ಲಿ ಅವಳು ಒಂದು ಭಾನುವಾರವನ್ನೂ ತಪ್ಪಿಸಿರಲಿಲ್ಲ. ಕಥೆ ಈಗ ರಕ್ಕಸನ ಭಂಡಾರದ ಬಾಗಿಲಿಗೆ ಬಂದು ನಿಂತಿತ್ತು. ಆ ಬೀಗ ತೆಗೆಯಲು ಬರುವುದು ನೇರಳೆಗೆ ಮಾತ್ರ. ಅಷ್ಟರಲ್ಲಿ ಅವರು ಕೂರುತ್ತಿದ್ದ ಬೇಕರಿಯ ಹಿಂದಿನ ಕೋಣೆಗೆ ಹೊಸ ಒಲೆ ಬಂತು. ಒಲೆ ಇದ್ದಲ್ಲಿ ಜನ ಕೂರುವುದು ಕಷ್ಟ.

ಆಗಲೇ ಶಿರಸಿಯ ತ್ರಿತಾಲೂಕು ಯುವ ವಿನೋದ ಸಮಿತಿಯು ಒಂದು ಪ್ರಕಟಣೆ ಹೊರಡಿಸಿತು:

"ಕಲ್ಪಿತ ಪಾತ್ರಗಳ ಮೇಜಿನಾಟ ಸ್ಪರ್ಧೆ. ಗೆದ್ದ ತಂಡಕ್ಕೆ ಸಮಿತಿಯ ಸಭಾಭವನವನ್ನು ಪ್ರತಿ ಭಾನುವಾರ ಬಿಟ್ಟುಕೊಡಲಾಗುವುದು. ಪ್ರತಿಯೊಂದು ಪಾತ್ರವೂ ತನ್ನ ವರ್ಗ ಹಾಗೂ ಹಿನ್ನೆಲೆಯ ಮೂಲ ದಾಖಲೆಗಳನ್ನು ಖುದ್ದಾಗಿ ಅಥವಾ ಆಟಗಾರರ ಮೂಲಕ ಹಾಜರುಪಡಿಸತಕ್ಕದ್ದು. ದಾಖಲೆ ಇಲ್ಲದ ಪಾತ್ರವನ್ನು ಸಾಮಾನ್ಯ ನಾಗರಿಕ ಎಂದು ಪರಿಗಣಿಸಲಾಗುವುದು. ಸಾಮಾನ್ಯ ನಾಗರಿಕರಿಗೆ ಯಾವುದೇ ಶಕ್ತಿ ಇರತಕ್ಕದ್ದಲ್ಲ."

ದಿವ್ಯಾ ಕಂಪ್ಯೂಟರಿನಲ್ಲಿ ಅರ್ಜಿ ತುಂಬಿ ಕಳಿಸಿ, ಅರ್ಧ ದಿನ ರಜೆ ಹಾಕಿ ಬಸ್ಸು ಹತ್ತಿ ಶಿರಸಿಗೆ ಹೋದಳು. ಸಮಿತಿಯ ಅಧೀಕ್ಷಕ ಅಂದಾನಪ್ಪ ಬನವಾಸಿಯಿಂದ ಆಚೆ ಕಡೆಯವರು, ಮರ್ಯಾದಸ್ಥರು.

"ಬರ್ರಿ, ಕೂಡ್ರಿ," ಎಂದರು. ಕೂರಲು ಕುರ್ಚಿ ಇರಲಿಲ್ಲ. ದಿವ್ಯಾ ನಿಂತಳು.

"ಕಳ್ಳಿ ಅಂತ ಬರದೀರಿ. ಎಫ್‌ಐಆರ್ ಎಲ್ಲೈತ್ರಿ?"

"ಇಲ್ಲ ಸರ್. ಅವಳು ಒಮ್ಮೆಯೂ ಸಿಕ್ಕಿಬಿದ್ದಿಲ್ಲ. ಒಳ್ಳೆ ಕಳ್ಳಿ."

"ಸಿಕ್ಕಿಲ್ಲಂದ್ರ ಕಳ್ಳಿ ಹೆಂಗ ಆಗ್ತಾಳ್ರಿ? ಸಾಬೀತಾಗದವರನ್ನ ಕಳ್ಳರು ಅಂತ ಬರದ್ರ ಮಾನನಷ್ಟ. ನಮ್ಮ ಆಫೀಸಿನ್ಯಾಗ ಇಷ್ಟು ವರ್ಷದಾಗ ಒಬ್ಬರಿಗೂ ಹಂಗ ಬರದಿಲ್ಲ ನಾವು."

"ಹಾಗಾದ್ರೆ ಮಾಂತ್ರಿಕರು ಎಂತ ದಾಖಲೆ ಕೊಡ್ತಾರೆ ಸರ್?"

"ಅದು ಸರಳ. ಸಮಿತಿ ಸದಸ್ಯರ ಶಿಫಾರಸು ಪತ್ರ ಒಂದು ಸಾಕ್ರಿ."

ಈ ಕಾರಣದಿಂದ, ಬಂದ ಎಂಬತ್ತೇಳು ಅರ್ಜಿಗಳಲ್ಲಿ ಎಂಬತ್ತೊಂದು ಮಾಂತ್ರಿಕರದಾಗಿದ್ದವು. ಹೆಚ್ಚಿನವರು ಸದಸ್ಯರ ಅಳಿಯಂದಿರು. ವೈದ್ಯರು ಒಬ್ಬರೂ ಇರಲಿಲ್ಲ.

"ಸಾಮಾನ್ಯ ನಾಗರಿಕ ಅಂತ ಮಾಡ್ಲೇನ್ರಿ?" ಎಂದು ಅಂದಾನಪ್ಪ ಪೆನ್ನಿನ ಮುಚ್ಚಳ ತೆಗೆದರು.

"ಬೇಡ ಸರ್," ಎಂದಳು ದಿವ್ಯಾ. "ಅದು ನಾನೇ ಇದ್ದೇನಲ್ಲ, ವಾರಕ್ಕೆ ಆರು ದಿನ. ಅವಳಾದ್ರೂ ಕಳ್ಳಿಯಾಗಿರ್ಲಿ."

ಅಂದಾನಪ್ಪನವರದು ಕಲ್ಲೆದೆಯಲ್ಲ. ದಾಖಲೆ ಇಲ್ಲದಿದ್ದಲ್ಲಿ ಹುಟ್ಟೂರಿನಲ್ಲಿ ಸ್ಥಳ ತನಿಖೆ ನಡೆಸಿ, ಐದು ಜನ ಪಂಚರ ಸಹಿ ಪಡೆಯಬಹುದೆಂಬ ನಿಯಮವನ್ನು ಅವರೇ ಹುಡುಕಿಕೊಟ್ಟರು. ಅರ್ಜಿಯಲ್ಲಿ ನೇರಳೆಯ ಹುಟ್ಟೂರು ಹೇರೂರು ಎಂದಿತ್ತು. ಕಂಪ್ಯೂಟರಿನ ಪಟ್ಟಿಯಲ್ಲಿ ಮೂರು ತಾಲೂಕುಗಳ ಊರುಗಳು ಮಾತ್ರ ಇದ್ದು, ಕರಿಕೋಟೆ ಅದರಲ್ಲಿ ಬಾರದ್ದರಿಂದ, ಅರ್ಜಿ ತುಂಬುವಾಗ ದಿವ್ಯಾ ಕಿಟಕಿಯಾಚೆ ನಿಂತ ಬಸ್ಸಿನ ಬೋರ್ಡು ನೋಡಿ ಆ ಹೆಸರು ಒತ್ತಿದ್ದಳು.

ಸಮಿತಿಯ ತನಿಖಾಧಿಕಾರಿ ಸುಭಾಷ್ ದಿವ್ಯಾಳನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹೇರೂರಿಗೆ ಹೋದ. ಪಂಚನಾಮೆಗೆ ಸಹಿ ಕೇಳಿದರೆ ಇಲ್ಲವೆನ್ನುವ ಪದ್ಧತಿ ಈ ಕಡೆ ಇಲ್ಲ. ಇವತ್ತು ಇವರ ಬೇಲಿಗೆ ಅವರು ಸಹಿ ಹಾಕಿದರೆ, ನಾಳೆ ಅವರ ಬಾವಿಗೆ ಇವರು ಹಾಕುತ್ತಾರೆ. ಹಾಕುವಾಗ ಸಾಹೇಬರಿಗೆ ಅನುಕೂಲವಾಗಲೆಂದು ಎರಡು ಮಾತು ಸೇರಿಸಿಯೂ ಹೇಳುತ್ತಾರೆ.

"ನೇರಳೆ ಅಂತ ಒಬ್ಬಳು, ಗುರುತುಂಟಾ?" ಎಂದು ಸುಭಾಷ್ ಚಹಾದಂಗಡಿಯ ಚೌಡಮ್ಮನನ್ನು ಕೇಳಿದ.

"ಯಾವ ನೇರಳೆ?"

"ಕಳ್ಳಿ."

"ಓ, ಅವಳಾ! ಗೊತ್ತಿಲ್ದೆ ಎಂತ! ಹೋದ ವರ್ಷ ನಮ್ಮನೆ ತಾಮ್ರದ ಹಂಡೆ ಹೊತ್ಕಂಡು ಹೋದವಳು ಮತ್ಯಾರು? ಎಲ್ಲಿಟ್ಟಿದಾಳೆ ಕೇಳು ಮಾರಾಯ."

"ಅಮ್ಮಾ, ಅವಳು ಇಲ್ವೇ ಇಲ್ಲ," ಎಂದಳು ದಿವ್ಯಾ. "ಆಟಕ್ಕೆ ಅಂತ ನಾನೇ ಕಟ್ಟಿದ್ದು."

"ಇಲ್ದೆ ಇದ್ರೆ ಹಂಡೆ ಹೇಗೆ ಹೋಯ್ತು ತಂಗಿ?"

ಸುಭಾಷ್ ಹಂಡೆಯನ್ನು ಬರೆದುಕೊಂಡ. ಉಳಿದ ನಾಲ್ವರು ಪಂಚರು ಕ್ರಮವಾಗಿ ಒಂದು ಪಂಪ್‌ಸೆಟ್, ಎರಡು ಮೂಟೆ ಚಾಲಿ ಅಡಿಕೆ, ಸೈಕಲ್ಲು ಮತ್ತು ಹಾಲು ಕರೆಯುತ್ತಿದ್ದ ಒಂದು ಎಮ್ಮೆಯನ್ನು ಬರೆಸಿದರು. ಅನಾಥೆ ಹೌದೇ ಎಂಬ ಪ್ರಶ್ನೆಗೆ ಐವರೂ, ನಮ್ಮ ಪೈಕಿಯವಳಂತೂ ಅಲ್ಲ ಎಂದು ಒಕ್ಕೊರಲಿನಿಂದ ಹೇಳಿದರು.

ಪಂಚನಾಮೆಯನ್ನು ಅಂದಾನಪ್ಪ ಎರಡು ಸಲ ಓದಿದರು. ಮೂರನೇ ಸಲ ಓದುವ ಮುಂಚೆ ದಿವ್ಯಾಳಿಗೆ ಚಹಾ ತರಿಸಿದರು. ಸಂಜೆಯೊಳಗೆ ಸಮಿತಿಯ ತುರ್ತುಸಭೆ ಸೇರಿತು. ಸಮಿತಿಯ ದಾಸ್ತಾನು ಪುಸ್ತಕದಲ್ಲಿದ್ದು ಭವನದಲ್ಲಿ ಇಲ್ಲದ ವಸ್ತುಗಳು ಕೆಲವಿದ್ದವು. ಲೆಕ್ಕ ತಪಾಸಣೆಯವರು ಪ್ರತಿ ವರ್ಷ ಅವುಗಳ ಬಗ್ಗೆ ಕೇಳುತ್ತಿದ್ದರು. ಸಭೆ ಮುಗಿದಾಗ ಪಂಚನಾಮೆಗೆ ಒಂದು ಅನುಬಂಧ ಸೇರಿತ್ತು: ಕುರ್ಚಿ ನಾಲ್ಕು ನೂರು, ಧ್ವನಿವರ್ಧಕ ಎರಡು, ಈ ಸ್ಪರ್ಧೆಗೆಂದೇ ತರಿಸಿದ್ದ ದಾಳಗಳು ಒಂದು ಪೆಟ್ಟಿಗೆ, ಭವನದ ಹಿಂದಿನ ಕಾಂಪೌಂಡು ಗೋಡೆ ಎಂಬತ್ತು ಅಡಿ. ಮೂರನೇ ಹಂತದ ಕಳ್ಳಿ ಗೋಡೆ ಹೊರುವುದು ನಂಬುವ ಮಾತಲ್ಲ ಎಂದು ಒಬ್ಬ ಸದಸ್ಯರು ಆಕ್ಷೇಪಿಸಿದರು. ಆಕ್ಷೇಪಣೆಯನ್ನು ಗೌರವಿಸಿ ನೇರಳೆಯನ್ನು ಹದಿನಾಲ್ಕನೇ ಹಂತಕ್ಕೆ ಏರಿಸಿ ಪ್ರಮಾಣಪತ್ರ ನೀಡಲಾಯಿತು.

ಸ್ಪರ್ಧೆಯ ದಿನ ಎಲ್ಲರೂ ನೆಲದ ಮೇಲೆ ಕೂತರು. ಕುರ್ಚಿಗಳನ್ನು ನೇರಳೆ ಒಯ್ದಿದ್ದಾಳೆಂದು ಬಾಗಿಲಲ್ಲೇ ಬರೆದು ಅಂಟಿಸಿದ್ದರಿಂದ ಯಾರೂ ಗೊಣಗಲಿಲ್ಲ. ಎಂಬತ್ತೊಂದು ಮಾಂತ್ರಿಕರು ದಾಳವಿಲ್ಲದೆ ಕೈಕಟ್ಟಿ ಕೂತಿದ್ದರು. ಮನೋಹರ ಕಥೆಯನ್ನು ಭಂಡಾರದ ಬಾಗಿಲಿಗೆ ತಂದು ನಿಲ್ಲಿಸಿ, "ದಿವ್ಯಾ, ಉರುಳ್ಸು," ಎಂದ.

ದಿವ್ಯಾ ಬ್ಯಾಗಿನಿಂದ ತನ್ನ ದಾಳ ತೆಗೆದಳು. ಎರಡು ವರ್ಷ ಅವಳ ಜೊತೆಗಿದ್ದ, ಒಂದು ಮೂಲೆ ಸವೆದ ಹಸಿರು ದಾಳ. ಅದು ನೆಲ ಮುಟ್ಟುವ ಮೊದಲೇ ಸುಭಾಷ್ ಹಿಡಿದ.

"ಸಿಕ್ತು ಸರ್! ಪೆಟ್ಟಿಗೆಯಲ್ಲಿದ್ದ ಮಾಲು."

"ಅದು ನಂದು!" ಎಂದಳು ದಿವ್ಯಾ.

"ಕಳ್ಳರು ಹಂಗ ಅಂತಾರ್ರಿ," ಎಂದರು ಅಂದಾನಪ್ಪ, ಬಹಳ ಮೆಲ್ಲಗೆ. ಸಭೆ ಚಪ್ಪಾಳೆ ತಟ್ಟಿತು.

"ಹಾಗಾದ್ರೆ ಬೀಗ?" ಎಂದ ಮನೋಹರ.

"ಹದಿನಾಲ್ಕನೇ ಹಂತದಾಕಿಗೆ ದಾಳ ಯಾಕ್ರಿ ಬೇಕು? ತೆರದೈತಿ ಅಂತ ಬರಕೊಳ್ರಿ."

ಬಾಗಿಲು ತೆರೆಯಿತೆಂದು ನಡಾವಳಿಯಲ್ಲಿ ಬರೆಯಲಾಯಿತು. ದಿವ್ಯಾಳ ತಂಡ ಗೆದ್ದಿತು, ಭವನ ಸಿಕ್ಕಿತು. ಪ್ರೇಕ್ಷಕರ ನಡುವಿನಿಂದ ಚೌಡಮ್ಮ ಎದ್ದು, ಒಳಗೆ ತನ್ನ ಹಂಡೆ ಇದೆಯೇ ಎಂದು ಕೇಳಿದಳು. ನೋಡಿ ತಿಳಿಸಲಾಗುವುದೆಂದು ಸಮಿತಿಯ ಅಧ್ಯಕ್ಷರು ಭರವಸೆ ಕೊಟ್ಟರು.

ದಾಳ ವಶಪಡಿಸಿಕೊಂಡದ್ದಕ್ಕೆ ರಶೀದಿ ಬಂತು. ಸಹಿ ಹಾಕಲು ಅಂದಾನಪ್ಪ ತಮ್ಮ ಪೆನ್ನು ಕೊಟ್ಟರು. ದಿವ್ಯಾ ಹಾಳೆಯನ್ನು ತನ್ನ ಕಡೆ ಎಳೆದುಕೊಂಡಳು. ಸಹಿಯ ಜಾಗದಲ್ಲಿ ನೇರಳೆ ಎಂದು ಬರೆದಳು. ಪೆನ್ನಿನ ಮುಚ್ಚಳ ಹಾಕಿದಳು, ಅದನ್ನು ತನ್ನ ಬ್ಯಾಗಿಗೆ ಸೇರಿಸಿದಳು, ಯಾರನ್ನೂ ಕೇಳದೆ ಮೆಟ್ಟಿಲಿಳಿದು ಬಸ್‌ಸ್ಟ್ಯಾಂಡಿನ ಕಡೆ ನಡೆದಳು.

ಅಂದಾನಪ್ಪ ಅದನ್ನು ಕಣ್ಣಾರೆ ಕಂಡರು. ಸುಭಾಷನ ಜೇಬಿನಿಂದ ಬೇರೆ ಪೆನ್ನು ತೆಗೆದುಕೊಂಡು, ಅನುಬಂಧದ ಕೊನೆಯಲ್ಲಿ ಬರೆದರು: ಪೆನ್ನು, ಹನ್ನೆರಡು ಡಜನ್.