ಕಾಮಿನೀಕಾಂತರ ಶೋಕಸಭೆ

ಗೇಂದಾಲಾಲ ತೀರಿಕೊಂಡ ಸುದ್ದಿ ಮೀರತ್ತಿನ ಬಾವಿ ಗಲ್ಲಿಗೆ ಬಂದದ್ದು ಪುಷ್ಯಮಾಸದ ಒಂದು ಬೆಳಿಗ್ಗೆ, ಪತ್ರಿಕೆಯ ಐದನೆಯ ಪುಟದಲ್ಲಿ. ಹಾಪುಡದಲ್ಲಿ ಮಗಳ ಮನೆಯಲ್ಲಿ ಮೂರು ದಿನದ ಹಿಂದೆಯೇ ಪ್ರಾಣ ಹೋಗಿ, ಗಂಗೆಯ ದಡದಲ್ಲಿ ಸಂಸ್ಕಾರವೂ ಮುಗಿದಿತ್ತು. ಸುದ್ದಿ ಬೆರಳುದ್ದದ್ದು. ಆದರೆ ಅದರ ತಲೆಬರಹ ಓದಿದ ದ್ವಾರಕಾಪ್ರಸಾದ ದೀಕ್ಷಿತರ ಬಾಯಲ್ಲಿದ್ದ ಚಹಾ ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ.

‘ಜನಪ್ರಿಯ ಕಾದಂಬರಿಕಾರ ಕಾಮಿನೀಕಾಂತ ಇನ್ನಿಲ್ಲ.’

ಇನ್ನಿಲ್ಲವೆಂದರೆ ಹೇಗೆ? ಕಾಮಿನೀಕಾಂತ ಇಲ್ಲೇ ಇದ್ದಾನೆ. ಉಣ್ಣೆಯ ಟೋಪಿ ಹಾಕಿಕೊಂಡು, ಅಂಗಳದ ಮಂಚದ ಮೇಲೆ ಬಿಸಿಲು ಕಾಯುತ್ತ ಕೂತಿದ್ದಾನೆ!

ಈ ಮಾತು ಭೂಮಿಯ ಮೇಲೆ ಮೂವರಿಗೆ ಮಾತ್ರ ಗೊತ್ತಿತ್ತು. ಒಬ್ಬರು ಛಾಪಖಾನೆಯ ಲಾಲಾಜಿ. ಅವರು ಹೋಗಿ ಇಪ್ಪತ್ತು ವರ್ಷವಾಯಿತು. ಇನ್ನೊಬ್ಬ ಅಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದ ಗೇಂದಾಲಾಲ. ಮೂರನೆಯವರು ಸ್ವತಃ ದೀಕ್ಷಿತರು, ಕನ್ಯಾಶಾಲೆಯಲ್ಲಿ ಮೂವತ್ತೊಂದು ವರ್ಷ ಹಿಂದಿ ಕಲಿಸಿದವರು, ಈಗ ಗಲ್ಲಿಯ ರಾಮಾಯಣ ಮಂಡಲಿಯ ಅಧ್ಯಕ್ಷರು.

ತಂಗಿಯರಿಬ್ಬರ ಮದುವೆಯ ಕಾಲಕ್ಕೆ ಶುರುವಾದದ್ದು ಆ ಬರವಣಿಗೆ. ದೊಡ್ಡವರು ಮಾತ್ರ ಓದುವಂಥದ್ದು, ಅದಕ್ಕೇ ಚಿಕ್ಕವರೆಲ್ಲ ಓದಿದ್ದು. ಕಾಮಿನೀಕಾಂತ ಎಂಬ ಹೆಸರು ಲಾಲಾಜಿಯದು. ನಕಲಿ ಕಾಮಿನೀಕಾಂತರು ಹುಟ್ಟಿಕೊಂಡಾಗ, ‘ಚಿತ್ರ ನೋಡಿ ಕೊಳ್ಳಿರಿ’ ಎಂದು ಹಿಂಬದಿಯ ರಟ್ಟಿನ ಮೇಲೆ ಲೇಖಕನ ಚಿತ್ರ ಹಾಕಬೇಕಾಯಿತು. ಮಾಸ್ತರರ ಮುಖ ಹಾಕುವ ಹಾಗಿಲ್ಲ. ಗೇಂದಾಲಾಲನಿಗೆ ಗುಂಗುರು ಕೂದಲಿತ್ತು, ಮೀಸೆ ಇತ್ತು. ಅವನಿಗೆ ಬಾಡಿಗೆಯ ಕೋಟು ತೊಡಿಸಿ, ಗಲ್ಲಕ್ಕೆ ಬೆರಳು ಕೊಟ್ಟು ಕೂರಿಸಿದರು. ಆವತ್ತಿನಿಂದ ಅವನೇ ಕಾಮಿನೀಕಾಂತ. ರೈಲ್ವೆ ಸ್ಟೇಷನ್ನಿನ ಪುಸ್ತಕದ ಅಂಗಡಿಯವನು ಅವನನ್ನು ಕಂಡರೆ ಎದ್ದು ನಿಲ್ಲುತ್ತಿದ್ದ, ಪಾನ್‌ವಾಲಾ ಬೀಡಾಕ್ಕೆ ಕಾಸು ಕೇಳುತ್ತಿರಲಿಲ್ಲ. ದೀಕ್ಷಿತರೋ, ಒಂದೊಂದು ಅಧ್ಯಾಯ ಮುಗಿದಾಗಲೂ ತಣ್ಣೀರು ಸ್ನಾನ ಮಾಡಿ ಗಂಗಾಜಲ ಚಿಮುಕಿಸಿಕೊಳ್ಳುತ್ತಿದ್ದರು. ಅಚ್ಚಾದ ಪುಸ್ತಕವನ್ನು ಒಂದು ದಿನವೂ ಮುಟ್ಟಿದವರಲ್ಲ. ಮನೆಯಲ್ಲಿ ಒಂದು ಪ್ರತಿ ಸಿಕ್ಕರೂ ಕೆಲಸ ಹೋಗುತ್ತಿತ್ತು. ಅದಕ್ಕೂ ಮೊದಲು ಹೆಂಡತಿ ರಾಮದುಲಾರಿ ತವರಿಗೆ ಹೋಗುತ್ತಿದ್ದಳು.

ಗೇಂದಾಲಾಲ ಹೋದನಲ್ಲ ಎಂದು ಅವರಿಗೆ ನಿಜಕ್ಕೂ ಕಣ್ಣು ತುಂಬಿತು. ಹಿಂದೆಯೇ ಇನ್ನೊಂದು ದುಃಖವೂ ನೂಕಿಕೊಂಡು ಬಂತು: ಇನ್ನು ‘ಬರೆದದ್ದು ನೀವು’ ಎನ್ನುವವರು ಯಾರೂ ಉಳಿಯಲಿಲ್ಲ.

ಅಷ್ಟರಲ್ಲಿ ತ್ರಿಲೋಕೀಬಾಬು ಬಾಗಿಲು ತಟ್ಟದೆಯೇ ಒಳಬಂದರು. ಅಂಚೆ ಕಚೇರಿಯಿಂದ ನಿವೃತ್ತರಾದವರು. ಆಗಿನಿಂದ ಗಲ್ಲಿಯ ಎಲ್ಲ ಕೆಲಸ ಅವರದೇ.

“ಮಾಸ್ಟರ್‌ಜಿ, ಓದಿದ್ರಾ? ಹೋಗಿಬಿಟ್ರು! ನಮ್ಮ ಗಲ್ಲಿಯ ರತ್ನ ಹೋಗಿಬಿಟ್ರು! ಇವತ್ತು ಮೂರು ಗಂಟೆಗೆ ಧರ್ಮಶಾಲೆಯಲ್ಲಿ ಶೋಕಸಭೆ. ಮುಖ್ಯ ಭಾಷಣ ನಿಮ್ಮದು.”

“ನನ್ನದಾ?”

“ಮತ್ತೆ? ಗಲ್ಲಿಯಲ್ಲಿ ಸಾಹಿತ್ಯ ಓದಿದೋರು ನೀವೊಬ್ರೇ. ಕಾಮಿನೀಕಾಂತರನ್ನ ನೀವು ಓದಿರೋದಿಲ್ಲ ಅಂತ ಗೊತ್ತು. ಆ ಮೈಲಿಗೆ ನಿಮಗ್ಯಾಕೆ? ನಾನು ಹೇಳಿಕೊಡ್ತೀನಿ, ನೀವು ಹೇಳಿ.”

“ತ್ರಿಲೋಕೀಬಾಬು, ಒಂದು ಮಾತು. ಆ ಪುಸ್ತಕಗಳನ್ನ...”

“ಹಾ, ಪುಸ್ತಕಗಳು! ಭಾವಚಿತ್ರದ ಮುಂದೆ ಜೋಡಿಸಬೇಕು. ಬುಟ್ಟಿ ತಗೊಳ್ಳಿ, ಮನೆಮನೆಗೂ ಹೋಗೋಣ.”

“ಅಜೀ, ಹೋಗಿಬನ್ನಿ,” ಎಂದು ರಾಮದುಲಾರಿ ಅಡುಗೆಮನೆಯಿಂದ ಕೂಗಿದಳು. “ಪಾಪಿಯಾದ್ರೂ ಸತ್ತೋನು ಸತ್ತೋನೇ. ನಾನೂ ಬರ್ತೀನಿ ಸಭೆಗೆ. ನಾಲ್ಕು ಒಳ್ಳೆ ಮಾತು ನಿಮ್ಮ ಬಾಯಿಂದ ಬಿದ್ರೆ ಅವನಿಗೂ ಸದ್ಗತಿ.”

ಹೀಗೆ ದೀಕ್ಷಿತರು ತಾವು ಬರೆದದ್ದನ್ನು ತಾವೇ ಹೊರುತ್ತ ಹಾಡಹಗಲಲ್ಲಿ ಗಲ್ಲಿ ಸುತ್ತಬೇಕಾಯಿತು.

ಪುಸ್ತಕಗಳು ಎಲ್ಲೆಲ್ಲಿಂದ ಹೊರಬಂದವೋ ದೇವರೇ ಬಲ್ಲ. ಗೋಧಿಯ ಡಬ್ಬದ ತಳದಿಂದ, ಮದುವೆಯ ಸೀರೆಗಳ ಪೆಟ್ಟಿಗೆಯಿಂದ, ವಕೀಲರ ಮನೆಯಲ್ಲಂತೂ ಗೋಸೇವೆಯ ಮಾಸಪತ್ರಿಕೆಯ ರಟ್ಟಿನ ಒಳಗಿನಿಂದ. ನಲವತ್ತು ವರ್ಷ ಬಚ್ಚಿಟ್ಟವರು ಈಗ ನೆಂಟರ ಮಗುವನ್ನು ಕೊಡುವ ಹಾಗೆ ಎರಡೂ ಕೈಯಿಂದ ಕೊಟ್ಟರು. ಮಂಕಾದ ಕಾಗದಕ್ಕೆ ಎಣ್ಣೆಯ, ಅರಿಸಿನದ, ಬೀಡಾದ ಕಲೆ. ದಿನದ ಬಾಡಿಗೆಗೆ ಪುಸ್ತಕ ಕೊಡುತ್ತಿದ್ದ ಅಂಗಡಿಯ ಮೊಹರು. ಬೆಳಿಗ್ಗೆ ತಂದದ್ದನ್ನು ಸಂಜೆಯೊಳಗೆ ಹಿಂದಿರುಗಿಸಬೇಕೆಂದು ಗಂಡ ಒಂದು ಪುಟ, ಹೆಂಡತಿ ಒಂದು ಪುಟ ಬಗಲಿಗೆ ಬಗಲು ಕೂತು ಓದುತ್ತಿದ್ದ ಆ ಕಾಲವೇ ಬುಟ್ಟಿಗೆ ಬಂದು ಬೀಳುತ್ತಿತ್ತು.

“ನನಗೆ ಅಕ್ಷರ ಕಲಿಸಿದ್ದೇ ಇವನು,” ಎಂದಳು ಬಿಟ್ಟೋ ಚಾಚಿ. ಎಂಬತ್ತಾರರ ಮುದುಕಿ, ಗಲ್ಲಿಯಲ್ಲಿ ಅವಳು ಏಕವಚನದಲ್ಲಿ ಕರೆಯದ ಗಂಡಸಿಲ್ಲ. “ಶಾಲೆಗೆ ಹೋದೋಳಲ್ಲ ನಾನು. ನನ್ನೋರು ಒಂದು ಅಧ್ಯಾಯ ಓದಿಹೇಳಿ, ಮುಂದಿಂದು ನಾಳೆ ಅಂತ ಮಲಗಿಬಿಡೋರು. ತಡೆಯೋಕಾಗದೆ ಕಲಿತೆ ಕಣೋ ದ್ವಾರಕಾ. ಆದ್ರೆ ಹೇಳ್ತೀನಿ, ಆ ‘ನೀಲಿ ಬಲ್ಬಿನ ಕೋಣೆ’ ಮುಗಿಸಿದ ದಿನ ಅತ್ತೂ ಅತ್ತೂ ರೊಟ್ಟಿ ಸೀದುಹೋಯ್ತು.”

ತಮ್ಮ ಪುಸ್ತಕಕ್ಕೆ ಯಾರಾದರೂ ಬೆವರಬಹುದು ಎಂದು ದೀಕ್ಷಿತರಿಗೆ ಗೊತ್ತಿತ್ತು. ಅಳಬಹುದು ಎಂದು ಎಣಿಸಿರಲಿಲ್ಲ.

ಮುಂದಿನ ಮನೆಯಲ್ಲೂ ಅದೇ. ವಕೀಲರು ಕನ್ನಡಕ ಒರೆಸಿಕೊಂಡು, “ಏನೇ ಹೇಳಿ, ಕೊನೆಯಲ್ಲಿ ಮನುಷ್ಯನನ್ನ ಮನುಷ್ಯ ಮಾಡಿಬಿಡೋನು,” ಎಂದರು. ಬುಟ್ಟಿ ತುಂಬುತ್ತ ಬಂದ ಹಾಗೆ ದೀಕ್ಷಿತರ ಬೆನ್ನು ಬಾಗಬೇಕಿತ್ತು, ನೆಟ್ಟಗಾಯಿತು. ಎಪ್ಪತ್ತನಾಲ್ಕಾಯಿತು. ಶಾಲೆಯಲ್ಲಿ ಬರೆದ ವ್ಯಾಕರಣದ ಪುಸ್ತಕವನ್ನು ಗೆದ್ದಲೂ ಪೂರ್ತಿ ತಿನ್ನಲಿಲ್ಲ. ಜನ ಅತ್ತ ಪುಸ್ತಕ ಇದೊಂದೇ. ಇವತ್ತು ಹೇಳದಿದ್ದರೆ ಮುಂದೆ ಯಾವತ್ತೂ ಇಲ್ಲ. ರಾಮದುಲಾರಿ ಬೈದರೆ ಬೈಯಲಿ, ಇಷ್ಟು ಜನ ಅತ್ತದ್ದನ್ನು ಕಂಡರೆ ಅವಳೂ ಕರಗುತ್ತಾಳೆ.

ಧರ್ಮಶಾಲೆಯಲ್ಲಿ ಜಮಖಾನ ಹಾಸಿತ್ತು. ಒಂದು ಕಡೆ ಗಂಡಸರು, ಒಂದು ಕಡೆ ಹೆಂಗಸರು. ಚೆಂಡುಹೂವಿನ ಮಾಲೆಯೊಳಗೆ ಗೇಂದಾಲಾಲ ಬಾಡಿಗೆಯ ಕೋಟಿನಲ್ಲಿ, ಗಲ್ಲದ ಮೇಲೆ ಬೆರಳಿಟ್ಟು ನಗುತ್ತಿದ್ದ. ಅವನ ಮುಂದೆ ಸಾಲಾಗಿ ದೀಕ್ಷಿತರ ನಾಯಕಿಯರು, ರಟ್ಟಿನ ಮೇಲೆ ಅರ್ಧಂಬರ್ಧ ಬಟ್ಟೆಯಲ್ಲಿ. ಯಾರೋ ಪುಣ್ಯಾತ್ಗಿತ್ತಿ ಒಂದೊಂದು ಪುಸ್ತಕದ ಮೇಲೂ ತುಳಸಿದಳ ಇಟ್ಟು, ಎಲ್ಲಿ ಮುಚ್ಚಬೇಕೋ ಅಲ್ಲಿ ಮುಚ್ಚಿದ್ದಳು.

ದೀಕ್ಷಿತರು ಎದ್ದು ನಿಂತರು. ಎದುರಿಗೆ ಕೂತ ಹೆಂಗಸರಲ್ಲಿ ಅರ್ಧ ಜನ ಅವರ ಹಳೆಯ ಶಿಷ್ಯೆಯರು, ಈಗ ಅಜ್ಜಿಯರು. ಮುಂದಿನ ಸಾಲಿನಲ್ಲಿ ರಾಮದುಲಾರಿ.

“ಬಂಧುಗಳೇ, ಗೇಂದಾಲಾಲ ನನ್ನ ಗೆಳೆಯ. ಅವನ ಆತ್ಮದ ಮುಂದೆ ಸುಳ್ಳು ಹೇಳಲಾರೆ. ಈ ಪುಸ್ತಕಗಳನ್ನು ಬರೆದವನು ಅವನಲ್ಲ. ನಾನು.”

ತ್ರಿಲೋಕೀಬಾಬು ಓಡಿಬಂದು ಅವರ ರಟ್ಟೆ ಹಿಡಿದರು. “ನೀರು ತನ್ನಿ! ದುಃಖ ನೆತ್ತಿಗೇರಿದೆ ಮಾಸ್ಟರ್‌ಜಿಗೆ!”

“ನೆತ್ತಿಗೂ ಏರಿಲ್ಲ, ಎಲ್ಲಿಗೂ ಏರಿಲ್ಲ! ನಾನೇ ಬರೆದದ್ದು!”

“ಸುಮ್ಮನಿರ‍್ರೋ,” ಎಂದಳು ಬಿಟ್ಟೋ ಚಾಚಿ. “ಬರೆದೋನಿಗೆ ಗೊತ್ತಿರುತ್ತೆ. ಹೇಳು ದ್ವಾರಕಾ, ‘ನೀಲಿ ಬಲ್ಬಿನ ಕೋಣೆ’ಯ ಕೊನೆಯಲ್ಲಿ ಚಂದಾ ಏನ್ ಮಾಡ್ತಾಳೆ?”

ದೀಕ್ಷಿತರು ಗೆದ್ದವರ ಹಾಗೆ ನಕ್ಕರು. “ಪೊಲೀಸ್ ಥಾನೇದಾರನ ಜೊತೆ ಬೊಂಬಾಯಿ ರೈಲು ಹತ್ತುತ್ತಾಳೆ.”

ಧರ್ಮಶಾಲೆಯ ಪಾರಿವಾಳಗಳು ಹಾರಿಹೋಗುವ ಹಾಗೆ ಜನ ನಕ್ಕರು.

“ಹತ್ತುತ್ತಾಳೆ, ಖುರ್ಜಾದಲ್ಲಿ ಇಳೀತಾಳೆ!” ಎಂದರು ವಕೀಲರು. “ಅಲ್ಲಿ ಅವಳ ಕುರುಡು ತಂದೆ ಕಡಲೆಕಾಯಿ ಮಾರ್ತಾ ಕೂತಿರ್ತಾನೆ. ಅವಳು ಮಾತಾಡದೆ ಅವನ ಕೈಮೇಲೆ ಕೈ ಇಡ್ತಾಳೆ. ಹತ್ತು ವರ್ಷದ ಮೇಲೆ ಬಂದ ಮಗಳು! ಅವನು ಎಲ್ಲಿದ್ದೆ ಅಂತ ಕೇಳೋದಿಲ್ಲ. ‘ಕೈ ತಣ್ಣಗಿದೆಯಲ್ಲ ಮಗಳೇ, ಊಟ ಮಾಡಿದೆಯಾ?’ ಅಂತಾನೆ.”

ಹೆಂಗಸರ ಕಡೆಯಿಂದ ಮೂಗೆಳೆದ ಸದ್ದು ಕೇಳಿತು. ದೀಕ್ಷಿತರು ವಕೀಲರ ಕಡೆ ತಿರುಗಿದರು. ಕುರುಡು ತಂದೆ? ತಾವು ಚಂದಾಳಿಗೆ ತಂದೆಯನ್ನೇ ಕೊಟ್ಟಿರಲಿಲ್ಲ.

ಆಗ ಬಾಗಿಲ ಬಳಿಯಿಂದ, “ಮಾಸ್ಟರ್‌ಜಿ ಹೇಳಿದ್ದು ನಿಜ,” ಎಂದು ಒಂದು ದನಿ ಬಂತು. ಛಾಪಖಾನೆಯಲ್ಲಿ ಮಷೀನು ಓಡಿಸುತ್ತಿದ್ದ ಬುಂದೂ ಮಿಯಾ ಕೋಲೂರಿ ಎದ್ದರು. ಈತನಿಗೂ ಗೊತ್ತಿತ್ತೆಂದು ದೀಕ್ಷಿತರಿಗೇ ತಿಳಿದಿರಲಿಲ್ಲ. “ಯಾರೂ ನಗಬೇಡಿ. ಮಂಗಳವಾರ ಮಂಗಳವಾರ ರಾಮಾಯಣದ ಕೆಂಪು ವಸ್ತ್ರದಲ್ಲಿ ಗಂಟು ಕಟ್ಟಿ, ಹಿಂಬಾಗಿಲಿಂದ ತಂದುಕೊಡೋರು. ನನ್ನ ಕಣ್ಣಾರೆ ಕಂಡಿದ್ದೀನಿ.”

ಗುಸುಗುಸು ಎದ್ದಿತು. ಶಿಷ್ಯೆಯರ ಕಣ್ಣುಗಳು ಅಗಲವಾದವು. ದೀಕ್ಷಿತರ ಎದೆ ಉಬ್ಬಿತು. ಬದುಕಿನಲ್ಲಿ ಒಂದು ಸಲ!

“ಆದ್ರೆ,” ಎಂದರು ಬುಂದೂ ಮಿಯಾ, “ಹಾಳೆಗೆ ಹದಿನಾರು ಪುಟ ಅಚ್ಚಾಗಬೇಕು ನೋಡಿ. ಮಾಸ್ಟರ್‌ಜಿ ಬರೆದದ್ದು ಯಾವತ್ತೂ ಏಳೆಂಟು ಪುಟ ಕಮ್ಮಿ. ಖಾಲಿ ಪುಟ ಬಿಟ್ರೆ ಲಾಲಾಜಿ ಬೈಯೋರು. ಆಗ ಗೇಂದಾಲಾಲ್ ಭಾಯಿ ಮೊಳೆಯ ಪೆಟ್ಟಿಗೆ ಮುಂದೆ ನಿಂತು, ಕಾಗದ ಇಲ್ಲ, ಪೆನ್ನಿಲ್ಲ, ತಲೆಯಿಂದಲೇ ಜೋಡಿಸಿಬಿಡೋರು ಕೊನೇ ಪುಟಗಳನ್ನ. ಒಂದೊಂದು ಸಲ ಅವರ ಕಣ್ಣೀರು ಮೊಳೆ ಮೇಲೆ ಬೀಳೋದು. ಮಾಸ್ಟರ್‌ಜಿಗೆ ಹೇಳಬೇಡ, ಬೇಜಾರಾಗ್ತಾರೆ ಅನ್ನೋರು. ನಾನು ಇವತ್ತಿನವರೆಗೂ ಹೇಳಿರಲಿಲ್ಲ.”

ತ್ರಿಲೋಕೀಬಾಬು ಅಂಚೆಯವರ ಶ್ರದ್ಧೆಯಿಂದ ವಿಂಗಡಿಸತೊಡಗಿದರು.

“ಅಂದ್ರೆ ನಾವು ಅತ್ತದ್ದೆಲ್ಲ ಗೇಂದಾಲಾಲರದು.”

“ಹೌದು.”

“ಹಾಗಾದ್ರೆ ಆ ಒಂಬತ್ತನೇ ಅಧ್ಯಾಯ... ಮಾಳಿಗೆ ಮೇಲೆ, ಥಾನೇದಾರ, ಮೊಸರಿನ ಗಡಿಗೆ...”

“ಅದರಲ್ಲಿ ಗೇಂದಾಲಾಲ್ ಭಾಯಿ ಒಂದಕ್ಷರ ಮುಟ್ಟಿಲ್ಲ,” ಎಂದರು ಬುಂದೂ ಮಿಯಾ ಬಲು ಗೌರವದಿಂದ. “ಅಂಥದ್ದೆಲ್ಲ ಖುದ್ದು ಮಾಸ್ಟರ್‌ಜಿಯದು.”

ನಲವತ್ತು ಸೆರಗುಗಳು ಒಮ್ಮೆಗೇ ತಲೆಯಿಂದ ಮುಖಕ್ಕಿಳಿದವು. ಅವುಗಳ ಹಿಂದಿನಿಂದ ಒಬ್ಬ ಅಜ್ಜಿ, “ಹಾಯ್ ರಾಮ್! ನಮಗೆ ನಡತೆಗೆ ಹತ್ತಕ್ಕೆ ಆರು ಕೊಟ್ಟಿದ್ರು!” ಎಂದಳು. ಬಿಟ್ಟೋ ಚಾಚಿ, “ಮೊಸರಿನ ಗಡಿಗೆ ನೀನಾ ಕಣೋ!” ಎಂದು ದೀಕ್ಷಿತರನ್ನು ಮೊದಲ ಸಲ ನೋಡುವವಳ ಹಾಗೆ ಅಡಿಯಿಂದ ಮುಡಿಯವರೆಗೆ ನೋಡಿದಳು.

ರಾಮದುಲಾರಿ ಮುಖ ಮುಚ್ಚಿಕೊಳ್ಳಲಿಲ್ಲ. ನಿಧಾನವಾಗಿ ಎದ್ದಳು. “ಆ ಕೆಂಪು ಗಂಟಿಗೆ ಇಪ್ಪತ್ತೆರಡು ವರ್ಷ ಕುಂಕುಮ ಇಟ್ಟು ಕಳಿಸಿದ್ದೀನಿ ನಾನು,” ಎಂದಳು. “ಮನೆಗೆ ಬನ್ನಿ. ಬರೋ ಮುಂಚೆ ಆ ಪುಣ್ಯಾತ್ಮನಿಗೆ ಪ್ರಾರ್ಥನೆ ಮಾಡಿ ಬನ್ನಿ. ನಿಮ್ಮ ಮಾನದಲ್ಲಿ ಏನಾದ್ರೂ ಉಳಿದಿದ್ರೆ ಅದು ಅವನ ದಯೆ.”

ಪ್ರಾರ್ಥನೆ ಮಾಡಿಸಬೇಕಾದವರು ಮಂಡಲಿಯ ಅಧ್ಯಕ್ಷರೇ. ದೀಕ್ಷಿತರು ಚಿತ್ರದ ಕಡೆ ತಿರುಗಿದರು. ಬಾಡಿಗೆಯ ಕೋಟಿನ ಆ ಮುಖ ಮೊದಲ ಸಲ ಲೇಖಕನ ಮುಖದಂತೆ ಕಂಡಿತು. ಅವರ ಹಿಂದೆ ಇಡೀ ಗಲ್ಲಿ ಎದ್ದು ನಿಂತಿತು. ನಗು ನಿಂತಿತು. ಅವರು ಕೈಜೋಡಿಸಿದರು.

“ಹೇ ರಾಮಚಂದ್ರ, ನಿನ್ನ ಮಗ ಗೇಂದಾಲಾಲ ನಿನ್ನ ಬಳಿ ಬಂದಿದ್ದಾನೆ. ನಾವು ಬೀದಿಗೆ ಬಿಟ್ಟುಬಂದ ಹೆಣ್ಣುಮಕ್ಕಳನ್ನೆಲ್ಲ ಅವನು ಮನೆ ಮುಟ್ಟಿಸಿದ. ಅವನನ್ನು ದೂರದಲ್ಲಿ ನಿಲ್ಲಿಸಬೇಡ, ಹತ್ತಿರ ಕೂರಿಸಿಕೋ. ಅವನ ಆತ್ಮಕ್ಕೆ ಶಾಂತಿ ಕೊಡು, ತಂದೆ. ಶಾಂತಿ ಕೊಡು.”