ನಾಮಪದ–ಕ್ರಿಯಾಪದರ ಕಾಳಗ

ನಾನು ನಿಂತಿದ್ದು ಕರಿಹಲಗೆಯ ಎಡಗಡೆ, ಕಿಟಕಿಗೂ ಮಾಸ್ತರರ ಕುರ್ಚಿಗೂ ನಡುವೆ. ಕಾಸರಗೋಡು ಇನ್ನೂ ಮದರಾಸಿಗೆ ಸೇರಿದ್ದ ಕಾಲ. ಒಂದು ಸೋಮವಾರ, ಬೆಳಗಿನ ಮೊದಲ ಪಾಠ. ಇಷ್ಟು ಖಚಿತವಾಗಿ ಹೇಳಲು ಕಾರಣ, ಅಷ್ಟು ಹೆದರಿ ನಾನು ಬೇರೆಲ್ಲೂ ನಿಂತದ್ದಿಲ್ಲ.

ನಮ್ಮ ಇಂಗ್ಲಿಷ್ ಮಾಸ್ತರು ಶಂಕರಯ್ಯನವರಿಗೆ ತಾಳಮದ್ದಳೆಯ ಹುಚ್ಚು. ವೇಷವಿಲ್ಲದೆ ಎದುರುಬದುರು ಕುಳಿತು ಮಾತಿನಲ್ಲೇ ಯುದ್ಧ ಮಾಡುವ ಆ ಕೂಟದಲ್ಲಿ ಅವರು ಇಂಗ್ಲಿಷ್ ವ್ಯಾಕರಣವನ್ನೂ ಕೂರಿಸಿದ್ದರು. ನಮ್ಮ ತರಗತಿಯ ಸಂಜೀವ ನಾಮಪದ, ಐತಪ್ಪ ಕ್ರಿಯಾಪದ. ಇಂಗ್ಲಿಷ್ ಬಾರದಿದ್ದರೂ ಕಂಠವಿದ್ದ ನಾನು ಭಾಗವತ. ಪದ್ಯ ಹಾಡಿ ಇಬ್ಬರನ್ನೂ ಜಗಳಕ್ಕೆ ಬಿಡುವವನು. ಪಾಠವೇನೋ ತಲೆಗೆ ಹತ್ತುತ್ತಿತ್ತು. ಆದರೆ ಮಾಸ್ತರರ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಅಂದು ಶಾಲೆಯ ತಪಾಸಣೆಗೆ ಬಂದಿದ್ದ ಇನ್‌ಸ್ಪೆಕ್ಟರು ಒಪ್ಪದಿದ್ದರೆ ಮರುದಿನ ಅವರು ಮನೆಗೆ.

"ಕ್ರಿಯಾಪದ ಎಂದರೇನು?" ಎಂದು ಇನ್‌ಸ್ಪೆಕ್ಟರು ಐತಪ್ಪನನ್ನು ಕೇಳಿದರು. ಅವನಿಗೆ ಗೊತ್ತಿದ್ದದ್ದು ಒಂದೇ ದಾರಿ. ಬೆಂಚಿನ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು, "ಎಲವೋ ನಾಮಪದನೇ! ನಾನಿಲ್ಲದೆ ನೀನು ಕದಲಬಲ್ಲೆಯಾ?" ಎಂದು ಗರ್ಜಿಸಿದ. ಎದುರಿನ ಬೆಂಚಿನಿಂದ ಸಂಜೀವ, "ನಾನೇ ಇಲ್ಲದಿದ್ದರೆ ನೀನು ಕದಲಿಸುವುದು ಯಾರನ್ನೋ?" ಎಂದ.

ಇನ್‌ಸ್ಪೆಕ್ಟರು ನಗಲಿಲ್ಲ. "ಸರಿ. 'ಕಿಕ್ ದ ಬಕೆಟ್' ಅನ್ನುತ್ತಾರೆ. ಒದೆಯುವುದು ಕ್ರಿಯಾಪದ, ಬಕೆಟ್ ನಾಮಪದ. ಅರ್ಥ ಮಾತ್ರ, ಮನುಷ್ಯ ಸತ್ತ ಎಂದು. ಇಲ್ಲಿ ಗೆದ್ದವರು ಯಾರು?"

ಐತಪ್ಪ ಬಾಯಿ ತೆರೆದು ನನ್ನತ್ತ ನೋಡಿದ. ಕೂಟದಲ್ಲಿ ಅರ್ಥ ಹೇಳುವವನು, ಅಂದರೆ ಮಾತಾಡುವವನು, ಹೀಗೆ ಸಿಕ್ಕಿಬಿದ್ದರೆ ಭಾಗವತ ಮುಂದಿನ ಪದ್ಯ ಎತ್ತಿಕೊಂಡು ಕಾಪಾಡುವುದು ನಮ್ಮ ಕಡೆಯ ಪದ್ಧತಿ. ಮುಂದಿನ ಪದ್ಯವೇ ಇರಲಿಲ್ಲ. ಕಣ್ಣು ಮುಚ್ಚಿ, ಉಸಿರು ಮುಗಿಯುವವರೆಗೆ ಬರೀ ರಾಗ ಎಳೆದೆ. ಕಣ್ಣು ಬಿಟ್ಟಾಗ ಇನ್‌ಸ್ಪೆಕ್ಟರರ ಬೆರಳು ಮೇಜಿನ ಮೇಲೆ ತಾಳ ಹಾಕುತ್ತಿತ್ತು.

ಅಷ್ಟರಲ್ಲಿ ಸಂಜೀವ ಗರ್ಜನೆ ಬಿಟ್ಟು ಮೆಲ್ಲನೆ ಹೇಳಿದ: "ಸತ್ತವನ ಎದುರು ನಮಗೆ ಎಂತ ಜಗಳ ಮಾರಾಯ? ಒಬ್ಬನಿಂದ ಎತ್ತಲಿಕ್ಕೆ ಆಗುದಿಲ್ಲ. ಬಾ, ಒಟ್ಟಿಗೆ ಹೊರುವ."

"ಅದೇ ನೋಡಿ ನುಡಿಗಟ್ಟು, ಇಬ್ಬರೂ ಸೇರಿ ಒಂದೇ ಅರ್ಥ ಹೊರುವುದು," ಎಂದರು ಇನ್‌ಸ್ಪೆಕ್ಟರು. ಮಾಸ್ತರು ನಮ್ಮಲ್ಲೇ ಉಳಿದರು. ಹೊರಡುವಾಗ ಇನ್‌ಸ್ಪೆಕ್ಟರು ನನ್ನತ್ತ ತಿರುಗಿ, "ಭಾಗವತರ ಇಂಗ್ಲಿಷ್ ಹೇಗುಂಟು?" ಎಂದರು. ನಾನು ಮತ್ತೆ ರಾಗ ಎಳೆದೆ.

ಸಂಜೀವ ಹೋದ ವರ್ಷ ತೀರಿಕೊಂಡ. ಐತಪ್ಪನೂ ನಾನೂ ಹೆಗಲು ಕೊಟ್ಟೆವು. ನಾನು ಬಲ್ಲಂತೆ ಆ ಸೋಮವಾರ ತರಗತಿಯಲ್ಲಿದ್ದವರಲ್ಲಿ ಬದುಕಿರುವುದು ನಾವಿಬ್ಬರೇ. ಐತಪ್ಪನ ಜವಳಿ ಅಂಗಡಿ ಹೊಸಂಗಡಿಯಲ್ಲಿದೆ, ಸಂಶಯವಿದ್ದರೆ ಹೋಗಿ ಕೇಳಿ. ನನ್ನ ಇಂಗ್ಲಿಷಿನ ವಿಷಯ ಮಾತ್ರ ಎತ್ತಬೇಡಿ. ರಾಗ ಎಳೆಯಲು ಈಗ ಮೊದಲಿನಷ್ಟು ಉಸಿರಿಲ್ಲ.