ಕಾಕಾ ಕೈಗೆ ಸಿಕ್ಕ ಸೂರ್ಯ

ಹುಟ್ಟಿದಾಗಿನಿಂದ ಒಂದು ದಿನವೂ ರಜೆ ಹಾಕದೆ, ಪಗಾರ ಕೇಳದೆ ದುಡಿಯುತ್ತ ಬಂದಿರುವ ಸೂರ್ಯನನ್ನು ಯಾರಾದರೂ ಪರೀಕ್ಷೆಯ ಮೇಲೆ ಇಟ್ಟುಕೊಂಡದ್ದುಂಟೆ? ನಮ್ಮ ಕಾಕಾ ಇಟ್ಟುಕೊಂಡಿದ್ದರು! ಅದೂ ಒಂದು ದಿನ, ಎರಡು ದಿನ ಅಲ್ಲ. ಒಂದು ದೀಪಾವಳಿಯಿಂದ ಇನ್ನೊಂದು ದೀಪಾವಳಿಯವರೆಗೆ, ಪೂರಾ ಒಂದು ವರ್ಷ. ಮಿರಜದ ತಮ್ಮ ಮನೆಯ ಮಾಳಿಗೆಗೆ ಸೂರ್ಯ ಎಷ್ಟೊತ್ತಿಗೆ ಬರುತ್ತಾನೆ, ಎಲ್ಲಿ ನಿಲ್ಲುತ್ತಾನೆ, ಎಷ್ಟೊತ್ತಿಗೆ ಜಾಗ ಖಾಲಿ ಮಾಡುತ್ತಾನೆ ಎಂಬುದೆಲ್ಲ ಖಾತ್ರಿಯಾದ ಮೇಲೆಯೇ ಸೋಲಾರ್ ಕೊಳ್ಳುವುದೆಂದು ಹಟ ಹಿಡಿದು ಕುಳಿತಿದ್ದರು.

ಕಾಕಾ ಅಂದರೆ ನನ್ನ ತಂದೆಯ ತಮ್ಮ. ಸಾಂಗಲಿಯ ಪೇಟೆಯಲ್ಲಿ ನಲವತ್ತು ವರ್ಷ ಅರಿಶಿನದ ಅಡತಿ ಅಂಗಡಿ ನಡೆಸಿ, ಈಗ ಅದನ್ನು ಮಗನ ಕೈಗೆ ಕೊಟ್ಟಿದ್ದಾರೆ. ಅರಿಶಿನದ ಕೊಂಬನ್ನು ಮುರಿದು, ಮುರಿದ ಸಪ್ಪಳ ಕೇಳಿ, ಮೂಸಿ, ಉಗುರಿನಿಂದ ಕೆರೆದು ನೋಡದೆ ಒಂದು ಚೀಲವನ್ನೂ ಕೊಂಡವರಲ್ಲ. ಅರಿಶಿನದ ಮಟ್ಟಿಗೆ ಇದು ಬಹಳ ಒಳ್ಳೆಯ ಪದ್ಧತಿಯೇ. ಆದರೆ ಅವರು ಜಗತ್ತಿನ ಸಮಸ್ತ ವಸ್ತುಗಳಿಗೂ ಅದನ್ನೇ ಅನ್ವಯಿಸಿಬಿಟ್ಟರೆ ಮನೆಮಂದಿ ಏನು ಮಾಡಬೇಕು? ತೊಂಬತ್ತರ ನಂತರ ಪೇಟೆಗೆ ಹೊಸ ಹೊಸ ಸಾಮಾನು ಬರತೊಡಗಿದಾಗ ಊರೆಲ್ಲ ಖರೀದಿಗೆ ಬಿತ್ತು, ಕಾಕಾ ಪರೀಕ್ಷೆಗೆ ಬಿದ್ದರು. ಯಾವ ಟೇಪ್ ರೆಕಾರ್ಡರ್ ಉತ್ತಮ ಎಂದು ಅವರು ಗೊತ್ತುಮಾಡಿಕೊಳ್ಳುವಷ್ಟರಲ್ಲಿ ಕ್ಯಾಸೆಟ್ಟುಗಳೇ ಮಾಯವಾದವು. ಪೇಜರ್ ಕೊಳ್ಳುವುದೇ ಸರಿ ಎಂದು ನಿಶ್ಚಯಿಸಿ ಅಂಗಡಿಗೆ ಹೋದ ದಿನ, ಅಂಗಡಿಯವನು ಆ ಶಬ್ದವನ್ನು ನೆನಪಿಸಿಕೊಳ್ಳಲು ತಲೆ ಕೆರೆದುಕೊಂಡನಂತೆ!

ಇಂಥವರ ತಲೆಯಲ್ಲಿ ಸೋಲಾರ್ ಹೊಕ್ಕದ್ದು ಬೇಸಿಗೆಯ ಲೋಡ್ ಶೆಡ್ಡಿಂಗಿನಿಂದ. ಕರೆಂಟ್ ಹೋಗುವುದು, ಫ್ಯಾನ್ ನಿಲ್ಲುವುದು, ಕಾಕಾ ಬೀಸಣಿಗೆ ಹಿಡಿದು ಸರಕಾರವನ್ನು ಬೈಯುವುದು, ಇದು ದಿನದ ಕಾರ್ಯಕ್ರಮವಾಗಿತ್ತು. ಮಾಳಿಗೆಯ ಮೇಲೆ ಪ್ಯಾನಲ್, ಕೆಳಗೆ ಬ್ಯಾಟರಿ, ಹಗಲಿನ ಬಿಸಿಲನ್ನು ಕೂಡಿಟ್ಟು ರಾತ್ರಿ ಫ್ಯಾನ್ ತಿರುಗಿಸುವುದು ಎಂದು ಅವರು ಘೋಷಿಸಿದಾಗ ಮಗ-ಸೊಸೆ ಖುಷಿಪಟ್ಟರು. ಕಾಕಾ ಅವರ ಹೆಂಡತಿ, ನಮ್ಮ ಕಾಕೂ ಮಾತ್ರ ಮುಖ ತಿರುಗಿಸಿದರು.

ಅದಕ್ಕೆ ಕಾರಣವಿತ್ತು. ಆ ಮಾಳಿಗೆ ಕಾಕೂ ಅವರ ರಾಜ್ಯ. ಬೇಸಿಗೆಯಲ್ಲಿ ಹಪ್ಪಳ, ಸಂಡಿಗೆ ಅಲ್ಲಿಯೇ ಒಣಗಬೇಕು. ಚಳಿಗಾಲದಲ್ಲಿ ಕಾಕೂ ಅವರ ಮೊಣಕಾಲು ಅಲ್ಲಿಯೇ ಕಾಯಬೇಕು. ಮುಂಜಾನೆ ಎರಡು ತಾಸು ಬಿಸಿಲಿಗೆ ಕುಳಿತರೆ ಇಡೀ ದಿನ ಗೋಡೆ ಹಿಡಿಯದೆ ನಡೆದಾಡುತ್ತಾರೆ, ಕುಳಿತುಕೊಳ್ಳದಿದ್ದರೆ ಇಲ್ಲ. ಅಷ್ಟರಲ್ಲಿ ಮೂಡಣ ದಿಕ್ಕಿನ ಹಳೆಯ ವಾಡೆಯನ್ನು ಕೆಡವಿ ಯಾರೋ ಏಳು ಅಂತಸ್ತಿನ ಕಟ್ಟಡ ಎಬ್ಬಿಸಲು ಶುರುಮಾಡಿದ್ದರು. ಅರ್ಧ ಬಿಸಿಲನ್ನು ಆ ಕಟ್ಟಡ ನುಂಗಿದರೆ, ಉಳಿದರ್ಧವನ್ನು ಗಂಡನ ಪ್ಯಾನಲ್ ನುಂಗುತ್ತದೆ! ಮುಖ ತಿರುಗಿಸದೆ ಇರುತ್ತಾರೆಯೇ?

ಅಂದಿನಿಂದ ಗಂಡ-ಹೆಂಡತಿ ನೇರ ಮಾತು ಬಿಟ್ಟರು. ಸಾಂಗಲಿಯಿಂದ ವಾರಕ್ಕೊಮ್ಮೆ ಹೋಗುವ ನಾನು ನಡುವಿನ ತಂತಿಯಾದೆ. ಈಗ ಸಾಂಗಲಿ ಎಲ್ಲಿ ಮುಗಿಯಿತು, ಮಿರಜ ಎಲ್ಲಿ ಶುರುವಾಯಿತು ಎಂದು ಹೇಳಲಾಗದಷ್ಟು ರಸ್ತೆಯುದ್ದಕ್ಕೂ ಅಂಗಡಿಗಳು ಬಂದಿವೆ. ಆದರೆ ಆ ಮನೆಯ ಪಡಸಾಲೆಯಲ್ಲಿ ನಾಲ್ಕು ಮಾರು ದೂರದಲ್ಲಿ ಕುಳಿತ ಇವರಿಬ್ಬರ ನಡುವೆ ಮಾತ್ರ ನಾನಿಲ್ಲದೆ ಸಂಚಾರವಿರಲಿಲ್ಲ.

"ನಿಮ್ಮ ಕಾಕಾಗ ಹೇಳಪಾ, ಕರೆಂಟ್ ಬೇಕಾದ್ರ ತಗೋಳ್ಳಿ, ನನ್ನ ಬಿಸಲಿಗೆ ಕೈ ಹಚ್ಚಬಾರ್ದು ಅಂತ" ಎಂದರು ಕಾಕೂ.

"ಬಿಸಲ ಏನ್ ತವರಮನಿಯಿಂದ ತಂದಾಳೇನು ಅಂತ ಕೇಳು" ಎಂದರು ಕಾಕಾ, ಪೇಪರಿನಿಂದ ಮುಖ ಎತ್ತದೆ.

"ನಮ್ಮ ತವರೂರ ಆರಗದಾಗ ಬೇಕಾದಷ್ಟ ಬಿಸಲ ಇತ್ತು. ಇವರ ಮನಿಗೆ ಬಂದ ಮ್ಯಾಲೇ ಅದು ತುಟ್ಟಿ ಆಗೇತಿ ಅಂತ ಹೇಳು."

ನಾನು ಯಾರಿಗೂ ಏನೂ ಹೇಳದೆ ಚಹಾ ಕುಡಿದೆ. ಕಿವಿ ಇಬ್ಬರಿಗೂ ಚೆನ್ನಾಗಿಯೇ ಕೇಳುತ್ತಿತ್ತಲ್ಲ!

ಮೊದಲ ಕಂಪನಿಯ ಎಂಜಿನಿಯರ್ ಬಂದ. ಪಾಪ, ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಬಣ್ಣ ಬಣ್ಣದ ಪುಸ್ತಕ. ಮರಾಠಿಯಲ್ಲಿ ಅರ್ಧ ತಾಸು ವಿವರಿಸಿದ. ಕಾಕಾ ಪುಸ್ತಕ ಪಕ್ಕಕ್ಕಿಟ್ಟು ನಮೂನೆ ಕೇಳಿದರು. ಗಾಡಿಯಲ್ಲಿದ್ದ ಸಣ್ಣ ಪ್ಯಾನಲ್ ತಂದುಕೊಟ್ಟ. ಕಾಕಾ ಬೆರಳಿನ ಗಂಟಿನಿಂದ ಅದನ್ನು ಬಡಿದು ಸಪ್ಪಳ ಕೇಳಿದರು. ಮೂಸಿದರು. ಅಂಚನ್ನು ಉಗುರಿನಿಂದ ಕೆರೆದರು. ಇನ್ನು ಮುರಿದು ನೋಡುತ್ತಾರೋ ಏನೋ ಎಂದು ನಾನು ಮುಂದೆ ಹಾರಿ ಕಸಿದುಕೊಂಡೆ.

ಆಮೇಲೆ ಭಾವ, ಅಂದರೆ ದರದ ಮಾತು. ನಮ್ಮ ಪೇಟೆಯಲ್ಲಿ ಹಿಂದೆ ವ್ಯಾಪಾರ ಬಾಯಲ್ಲಿ ನಡೆಯುತ್ತಿರಲಿಲ್ಲ. ಕೊಳ್ಳುವವನೂ ಮಾರುವವನೂ ಟವೆಲ್ಲಿನ ಕೆಳಗೆ ಕೈ ಹಿಡಿದು, ಬೆರಳು ಅದುಮಿಯೇ ದರ ಹೇಳುತ್ತಿದ್ದರು. ಪಕ್ಕದವನಿಗೆ ಸುಳಿವು ಸಿಗಬಾರದಲ್ಲ, ಅದಕ್ಕೆ. ಕಾಕಾ ಹೆಗಲ ಮೇಲಿನ ಟವೆಲ್ ತೆಗೆದು ಎಂಜಿನಿಯರನ ಕೈ ಮೇಲೆ ಹೊದಿಸಿ, ಒಳಗೆ ಕೈ ತೂರಿಸಿ, ಎರಡು ಬೆರಳು ಅದುಮಿದರು. ಅವನು ಬೆಚ್ಚಿಬಿದ್ದ. ಕಾಕಾ ಇನ್ನೊಂದು ಬೆರಳು ಸೇರಿಸಿದರು. ಅವನು ನನ್ನ ಮುಖ ನೋಡಿದ. ಬೂಟು ಹಾಕಿಕೊಳ್ಳುವಾಗ ನನ್ನನ್ನು ಪಕ್ಕಕ್ಕೆ ಕರೆದು, ಹಿರಿಯರಿಗೆ ಕೈ ನಡುಗುವ ಕಾಯಿಲೆ ಯಾವಾಗಿನಿಂದ ಎಂದು ಮರುಕದಿಂದ ವಿಚಾರಿಸಿದ! ಒಳಗೆ ಕಾಕಾ, ಇವನಿಗೆ ವ್ಯಾಪಾರದ ಗಂಧ-ಗಾಳಿ ಇಲ್ಲವೆಂದು ತೀರ್ಪು ಕೊಟ್ಟಾಗಿತ್ತು.

ಎರಡನೆಯವನು ಬ್ಯಾಟರಿಯ ಹತ್ತಿರ ಸಿಕ್ಕಿಬಿದ್ದ. ಅವನು ತೋರಿಸಿದ್ದು ಆಗಾಗ ನೀರು ಹಾಕಬೇಕಾದ ಬ್ಯಾಟರಿ. ನಾವು ಜೈನರು, ನಮ್ಮ ಮನೆಯಲ್ಲಿ ಸೋಸದ ನೀರನ್ನು ಯಾರೂ ಕುಡಿಯುವುದಿಲ್ಲ. ಕಾಕಾ ಕೇಳಿಯೇಬಿಟ್ಟರು: ಬ್ಯಾಟರಿಗೆ ಹಾಕುವ ನೀರನ್ನು ಸೋಸಿರುತ್ತಾರೋ? ಅದು ಡಿಸ್ಟಿಲ್ಡ್ ವಾಟರ್, ಅದಕ್ಕಿಂತ ಶುದ್ಧ ನೀರು ಭೂಮಿಯ ಮೇಲಿಲ್ಲ ಎಂದು ಅವನು ಆಣೆ ಮಾಡಿದ. ಕಾಕಾ ಒಪ್ಪಲಿಲ್ಲ. ಒಳಗಿನಿಂದ ಬಿಳಿ ಬಟ್ಟೆ ತರಿಸಿ, ಎರಡು ಪದರು ಮಡಚಿ, ಅವನ ಡಬ್ಬಿಯ ನೀರನ್ನೇ ಅವನ ಕಣ್ಣೆದುರು ಸೋಸಿ ತೋರಿಸಿದರು. ಬಟ್ಟೆಯ ನೂಲು ಬಿದ್ದು ಆ ನೀರು ಬ್ಯಾಟರಿಯ ಕೆಲಸಕ್ಕೆ ಬಾರದಂತಾಯಿತು. ಅವನು ಮತ್ತೆ ಬರಲೇ ಇಲ್ಲ.

ಮೂರನೆಯವನು ಲಿಥಿಯಂ ಬ್ಯಾಟರಿ ತಂದ. ಇದಕ್ಕೆ ನೀರೇ ಬೇಡ ಎಂದ.

"ಒಂದ ಹನೀನೂ?"

ಒಂದು ಹನಿಯೂ ಬೇಡ, ಎಷ್ಟು ವರ್ಷವಾದರೂ ಬೇಡ ಎಂದ ಅವನು. ಕಾಕಾ ಅದರ ಸುತ್ತ ಒಂದು ಸುತ್ತು ಹಾಕಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, ಪರ್ಯೂಷಣ ಪರ್ವದಲ್ಲಿ ನಿರ್ಜಲ ಉಪವಾಸ ಮಾಡುವ ಕಾಕೂಗಿಂತ ಇದು ಒಂದು ಕೈ ಮೇಲಾಯಿತು ಎಂದರು. ಬೆಲೆ ಹೆಚ್ಚು, ಆದರೆ ಆಚಾರ ಗಟ್ಟಿ. ಬ್ಯಾಟರಿ ಪಾಸಾಯಿತು! ಪ್ಯಾನಲ್ಲಿಗೆ ಇಪ್ಪತ್ತೈದು ವರ್ಷ ಗ್ಯಾರಂಟಿ ಎಂದು ಅವನು ಹೆಮ್ಮೆಯಿಂದ ಹೇಳಿದಾಗ ಮಾತ್ರ ಕಾಕಾ ಗಂಭೀರರಾದರು.

"ನನಗ ಈಗ ಎಪ್ಪತ್ತೆರಡು. ಇಪ್ಪತ್ನಾಲ್ಕನೇ ವರ್ಷಕ್ಕ ಕೆಟ್ಟರ ಜಗಳಾ ಮಾಡಾಕ ಯಾರ ಬರಬೇಕು?"

ಒಳಗಿನಿಂದ ಕಾಕೂ, ನನ್ನ ಹೆಸರಿಗೆ ಮಾತು ಕಳಿಸಿದರು. ಹೊತ್ತು ಮುಳುಗುವುದರೊಳಗೆ ಉಂಡು ಎಂಟಕ್ಕೆ ಮಲಗುವ ಮನುಷ್ಯನಿಗೆ ಬ್ಯಾಟರಿಯೇ ಯಾಕೆ ಎಂದು. ಕಾಕಾ ಕೇಳಿಸದವರಂತೆ ಸುಣ್ಣದ ಕಡ್ಡಿ ಹಿಡಿದು ಮಾಳಿಗೆ ಹತ್ತಿದರು.

ಆ ಸುಣ್ಣದ ಕಡ್ಡಿಯೇ ಸೂರ್ಯನ ಪರೀಕ್ಷೆಯ ಸಾಧನ. ತಾಸಿಗೊಮ್ಮೆ ಮೇಲೆ ಹೋಗಿ ನೆರಳಿನ ಅಂಚಿಗೆ ಗೆರೆ ಎಳೆಯುವುದು, ಪಕ್ಕದಲ್ಲಿ ತಿಂಗಳು ಬರೆಯುವುದು. ಮಳೆಗಾಲದಲ್ಲಿ ಗೆರೆಗಳು ತೊಳೆದುಹೋದಾಗ ಮರುದಿನವೇ ಬಿಳಿ ಆಯಿಲ್ ಪೇಂಟ್ ತರಿಸಿದರು. ಮೋಡದ ದಿನ ಸೂರ್ಯನಿಗೆ ಗೈರುಹಾಜರಿ ಹಾಕಿದರು! ಮಾಳಿಗೆ ಎಂಬುದು ಕಬಡ್ಡಿ ಮೈದಾನದ ಮೇಲೆ ಇನ್ನೊಂದು ಕಬಡ್ಡಿ ಮೈದಾನ ಬರೆದಂತೆ ಕಾಣುತ್ತಿತ್ತು. ಪಕ್ಕದ ಕಟ್ಟಡದ ಗೌಂಡಿಗಳು ಮೇಲಿನಿಂದ ನೋಡಿ, ಈ ಅಜ್ಜ ಅಲ್ಲಿ ಮನೆ ಕಟ್ಟುತ್ತಾನೋ ಮಂತ್ರ ಹಾಕುತ್ತಾನೋ ಎಂದು ಮಾತಾಡಿಕೊಂಡರಂತೆ.

ನಗುವುದೇನೋ ನಕ್ಕೆವು. ಆದರೆ ಆ ಕಟ್ಟಡ ಒಂದೊಂದೇ ಅಂತಸ್ತು ಏರಿದಂತೆ ಗೆರೆಗಳು ಒಂದೊಂದೇ ಹೆಜ್ಜೆ ಮಾಳಿಗೆಯೊಳಗೆ ನುಗ್ಗುತ್ತಿದ್ದವು. ಮುಂಜಾನೆ ಕಾಕೂ ತಮ್ಮ ಚಾಪೆಯನ್ನು ಮೊದಲು ಮೆಟ್ಟಿಲ ಹತ್ತಿರ ಹಾಸುತ್ತಿದ್ದರು, ಆಮೇಲೆ ನೀರಿನ ಟಾಕಿಯ ಹತ್ತಿರ, ಆಮೇಲೆ ಕಟ್ಟೆಗೆ ಆತುಕೊಂಡು. ಮೊಣಕಾಲು ಒತ್ತಿಕೊಳ್ಳುತ್ತ ಚಾಪೆ ಸರಿಸುವ ಅವರನ್ನೂ, ಅವರ ಕಡೆ ತಿರುಗಿಯೂ ನೋಡದೆ ಗೆರೆ ಎಳೆಯುವ ಇವರನ್ನೂ ಕಂಡು ನನಗೆ ನಿಜವಾಗಿಯೂ ಸಿಟ್ಟು ಬಂತು. ಹೆಂಡತಿಯ ಕಾಲಿಗಿಂತ ಫ್ಯಾನ್ ದೊಡ್ಡದಾಯಿತೇ ಎಂದು ಒಮ್ಮೆ ಕೇಳಿಯೂಬಿಟ್ಟೆ. "ವರ್ಷ ತುಂಬಲಿ" ಎಂದರು. ಅಷ್ಟೇ.

ವರ್ಷ ತುಂಬಿತು. ಏಳನೆಯ ಅಂತಸ್ತೂ ಮುಗಿಯಿತು. ದೀಪಾವಳಿಯ ಮರುವಾರ ಲಿಥಿಯಂ ಕಂಪನಿಯ ಎಂಜಿನಿಯರ್ ಆಳುಗಳೊಂದಿಗೆ ಬಂದ. ಮೊಬೈಲಿನಲ್ಲಿ ಏನೇನೋ ನೋಡಿ, ಅತ್ತ ಇತ್ತ ನಡೆದು, ಕೊನೆಗೆ ತೆಂಕಣ-ಪಡುವಣ ಮೂಲೆಯಲ್ಲಿ ನಿಂತ. ಕಟ್ಟಡದ ಬದಿಯ ಓಣಿಯ ಸಂದಿನಿಂದ ಅಲ್ಲಿಗೆ ಬಿಸಿಲು ಬೇಗ ಬರುತ್ತದೆ, ಸಂಜೆಯವರೆಗೂ ಇರುತ್ತದೆ. ಇಡೀ ಮಾಳಿಗೆಯಲ್ಲಿ ಇದೇ ಬಂಗಾರದಂಥ ಜಾಗ, ಪ್ಯಾನಲ್ ಇಲ್ಲಿಯೇ ಎಂದ. ಒಂದು ವರ್ಷದ ಗೆರೆಗಳೂ ಅದನ್ನೇ ಹೇಳುತ್ತಿದ್ದವು. ಯಾವ ತಿಂಗಳ ಗೆರೆಯೂ ಒಳಗೆ ಕಾಲಿಡದೆ, ಒಂದು ಮಂಚದಷ್ಟು ಚೌಕ ಅಲ್ಲಿ ಖಾಲಿ ಉಳಿದಿತ್ತು.

ಕಾಕಾ ತಲೆ ಅಲ್ಲಾಡಿಸಿದರು. ಪ್ಯಾನಲ್ ಮೆಟ್ಟಿಲ ಕೋಣೆಯ ಮೇಲೆ ಹಾಕು ಎಂದರು. ಅಲ್ಲಿ ಎರಡು ಪ್ಯಾನಲ್ ಕಡಿಮೆ ಹಿಡಿಯುತ್ತವೆ, ಚಳಿಗಾಲದಲ್ಲಿ ಬ್ಯಾಟರಿ ಪೂರ್ತಿ ತುಂಬುವುದಿಲ್ಲ ಎಂದು ಅವನು ವಾದಿಸಿದ. ಕಾಕಾಗೆ ಸಿಟ್ಟು ಬಂದರೆ ಮರಾಠಿ ಬಿಟ್ಟುಹೋಗುತ್ತದೆ. ಆ ಎಂಜಿನಿಯರನ ಅಜ್ಜಿ ಕನ್ನಡ ನಡೆಯುವ ಗಡಿಯೂರು ಮ್ಹೈಸಾಳದವರಂತೆ; ಅವನಿಗೆ ಕನ್ನಡ ತಿಳಿಯುತ್ತಿತ್ತು, ಆಡಲು ಬರುತ್ತಿರಲಿಲ್ಲ.

"ತುಂಬಲಿಲ್ಲಂದ್ರ ಬಿಡು. ನಾವ್ ಲಗೂನ ಮಲಗತೇವಿ. ಆ ಜಾಗಾ ಬುಕ್ ಆಗೇತಿ" ಎಂದರು ಕಾಕಾ.

ಅವನೂ ನಾನೂ ಮುಖ ಮುಖ ನೋಡಿಕೊಂಡೆವು. ಕಾಕಾ ಮೂಲೆಯಿಂದ ಹಳದಿ ಪೇಂಟಿನ ಡಬ್ಬಿ ತೆಗೆದು, ಮೊಣಕಾಲೂರಿ ಕುಳಿತು, ಆ ಖಾಲಿ ಚೌಕದ ನಾಲ್ಕೂ ಬದಿಗೆ ಅಂಗೈಯಗಲದ ಗೆರೆ ಬಳಿದರು. ಕೆಳಗಿನಿಂದ ಕಬ್ಬಿಣದ ಕುರ್ಚಿಯನ್ನು ಹೊತ್ತು ತಂದು ನಡುವೆ ಇಟ್ಟರು; ನಾನು ಕೈ ಕೊಡಲು ಹೋದರೆ ಬಿಡಲಿಲ್ಲ. ಆಮೇಲೆ ಮೆಟ್ಟಿಲ ಬಾಯಿಗೆ ಬಂದು, ಒಂದು ವರ್ಷದ ನಂತರ, ನನ್ನನ್ನು ನಡುವೆ ಹಾಕದೆ, ತಾವೇ ಕಾಕೂ ಅವರನ್ನು ಕೂಗಿ ಕರೆದರು. ಒಂದು ವರ್ಷ ಈ ಮನುಷ್ಯ ಹುಡುಕಿದ್ದು ಪ್ಯಾನಲ್ಲಿನ ಜಾಗವನ್ನಲ್ಲ! ಫ್ಯಾನ್ ದೊಡ್ಡದೇ ಎಂದು ಕೇಳಿದ್ದಕ್ಕೆ ನನಗೆ ನಾಚಿಕೆಯಾಯಿತು.

ಕಾಕೂ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿ ಬಂದರು. ಹಳದಿ ಗೆರೆ ನೋಡಿದರು, ಕುರ್ಚಿ ನೋಡಿದರು, ಏಳು ಅಂತಸ್ತಿನ ಕಟ್ಟಡ ನೋಡಿದರು.

"ಕುಂದರ್. ಆ ಬಿಲ್ಡಿಂಗ್ ಏನ್ ಮಾಡಿದ್ರೂ ಇಲ್ಲಿ ಮಾತ್ರ ನೆರಳ ಬರೂದಿಲ್ಲ. ನೋಡಿ ಹೇಳಾಕತ್ತೇನಿ, ಗ್ಯಾರಂಟಿ" ಎಂದರು ಕಾಕಾ.

ಕಾಕೂ ಕುಳಿತರು. ಮೊಣಕಾಲ ಮೇಲಿನ ಸೀರೆಯನ್ನು ಸರಿಮಾಡಿಕೊಂಡು, ಬಿಸಿಲಿಗೆ ಕಾಲು ಚಾಚಿ ಕೇಳಿದರು.

"ಎಷ್ಟ ವರ್ಷದ್ದು?"

ಕಾಕಾ ಕೈಗೆ ಹತ್ತಿದ ಹಳದಿ ಬಣ್ಣವನ್ನು ಟವೆಲ್ಲಿಗೆ ಒರೆಸಿಕೊಂಡರು. "ನಾ ಇರೂತನಕ."

"ಹಂಗಾರ ಇಪ್ಪತ್ತೈದ ವರ್ಷ ಇರ್ರಿ" ಎಂದರು ಕಾಕೂ, ಅವರ ಮುಖ ನೋಡದೆ.